ಗೋಲು ಹೊಡೆಯದ ಆಟಗಾರ ಒಳ್ಳೆಯ ಕೋಚ್ ಆಗಬಲ್ಲನೇ? ಹೈನರ್ ಬ್ರಾಂಡ್ ಅವರ ಉದಾಹರಣೆ

ನಿಮ್ಮ ಪ್ರಶ್ನೆಯನ್ನು ನನಗೆ ಅರ್ಥವಾದಂತೆ ಮೊದಲು ಹೇಳಿಬಿಡುತ್ತೇನೆ. ನೀವು ವಿಶ್ವವಿದ್ಯಾಲಯದ ಹ್ಯಾಂಡ್‌ಬಾಲ್ ತಂಡದಲ್ಲಿ ಪಿವಟ್ ಆಗಿ, ಅಂದರೆ ದಾಳಿಯಲ್ಲಿ ಎದುರಾಳಿ ರಕ್ಷಕರ ಸಾಲಿನ ನಡುವೆ ನಿಲ್ಲುವವರಾಗಿ, ಆಡುತ್ತೀರಿ, ಪಂದ್ಯದ ಬಹುಪಾಲು ಹೊತ್ತು ರಕ್ಷಣೆಯಲ್ಲಿ ಬೆವರು ಸುರಿಸುತ್ತೀರಿ, ಸ್ಕೋರ್‌ಶೀಟಿನಲ್ಲಿ ಮಾತ್ರ ನಿಮ್ಮ ಹೆಸರಿನ ಮುಂದೆ ಒಂದೋ ಎರಡೋ ಗೋಲು. ಮುಂದೆ ಕೋಚ್ ಆಗುವ ಆಸೆ ನಿಮಗಿದೆ, ಆದರೆ ಹೆಸರುವಾಸಿ ಗೋಲುಗಾರನಲ್ಲದವನ ಮಾತನ್ನು ಯಾವ ತಂಡವೂ ಕೇಳುವುದಿಲ್ಲ ಎಂದು ಗೆಳೆಯರು ಹೇಳಿದ್ದಾರೆ. ಆಡಿದವರೇ ಕೋಚ್ ಆಗಿ ಗೆದ್ದ ಒಂದು ನಿಜವಾದ ಉದಾಹರಣೆ ಇದ್ದರೆ ತಿಳಿಸಿ ಎಂದು ಕೇಳಿದ್ದೀರಿ. ನಾನು ಕಾಲೇಜಿನ ದಿನಗಳಲ್ಲಿ ಈ ಆಟ ಆಡಿದವನು. ಈಗ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಹೆಣ್ಣುಮಕ್ಕಳ ತಂಡಕ್ಕೆ ಹ್ಯಾಂಡ್‌ಬಾಲ್ ಕಲಿಸುತ್ತೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದವರು ಜರ್ಮನಿಯ ಹೈನರ್ ಬ್ರಾಂಡ್.

ಬ್ರಾಂಡ್ ಹುಟ್ಟಿದ್ದು 1952ರಲ್ಲಿ, ಕಲೋನ್ ನಗರದ ಪೂರ್ವಕ್ಕಿರುವ ಗುಮ್ಮರ್ಸ್‌ಬಾಖ್ ಎಂಬ ಸಣ್ಣ ಊರಿನಲ್ಲಿ. ಎಪ್ಪತ್ತರ ದಶಕದಲ್ಲಿ ಆ ಊರಿನ ಕ್ಲಬ್ಬು ಯುರೋಪಿನ ಅತ್ಯಂತ ಬಲಿಷ್ಠ ತಂಡಗಳಲ್ಲಿ ಒಂದಾಗಿತ್ತು. ಬ್ರಾಂಡ್ ಅವರ ಅಣ್ಣಂದಿರೂ ಅದೇ ಕ್ಲಬ್ಬಿಗೆ ಆಡಿದವರು. ಆಟಗಾರರಾಗಿ ಅವರು ಆ ತಂಡದೊಂದಿಗೆ ಆರು ಬಾರಿ ಪಶ್ಚಿಮ ಜರ್ಮನಿಯ ಚಾಂಪಿಯನ್ ಆದರು, ಮತ್ತು ಆ ಇಡೀ ಅವಧಿಯಲ್ಲಿ ಅವರ ಸ್ಥಾನ ನಿಮ್ಮದೇ: ದಾಳಿಯಲ್ಲಿ ಪಿವಟ್, ರಕ್ಷಣೆಯಲ್ಲಿ ನಡುಗೋಡೆ. ತಂಡದ ತಾರೆ ಬೇರೆಯವರು, ಯೋವಾಖಿಮ್ ಡೆಕಾರ್ಮ್. ಜನ ಟಿಕೆಟ್ ಕೊಂಡು ನೋಡಲು ಬರುತ್ತಿದ್ದುದು ಡೆಕಾರ್ಮ್ ಅವರ ಜಿಗಿತವನ್ನೂ ಎಸೆತವನ್ನೂ.

ರಕ್ಷಣೆಯ ನಡುವೆ ನಿಲ್ಲುವವನ ಕೆಲಸವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲವಾದರೂ, ಇದನ್ನು ಓದುವ ಇತರರಿಗಾಗಿ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನನ್ನ ಉತ್ತರದ ತಿರುಳು ಇರುವುದೇ ಅಲ್ಲಿ. ಆರು-ಸೊನ್ನೆ ಎಂದು ಕರೆಯುವ ರಕ್ಷಣಾ ವ್ಯೂಹದಲ್ಲಿ ಗೋಲ್‌ಕೀಪರನನ್ನು ಬಿಟ್ಟು ಉಳಿದ ಆರೂ ಜನ ಗೋಲಿನಿಂದ ಆರು ಮೀಟರ್ ದೂರದ ಗೆರೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಅಂಚಿನಲ್ಲಿರುವವರು ತಮ್ಮೆದುರಿನ ಒಬ್ಬನನ್ನು ನೋಡಿಕೊಂಡರೆ ಬಹುಮಟ್ಟಿಗೆ ಸಾಕು. ನಡುವಿನ ಇಬ್ಬರಿಗೆ ಆ ಸೌಲಭ್ಯವಿಲ್ಲ. ಎದುರಿನಿಂದ ಒಂಬತ್ತು ಮೀಟರ್ ಗೆರೆಯ ಬಳಿ ಜಿಗಿದು ಎಸೆಯುವವನನ್ನು ತಡೆಯಬೇಕು, ಅದೇ ಕ್ಷಣದಲ್ಲಿ ಬೆನ್ನಿಗೆ ಅಂಟಿಕೊಂಡು ನಿಂತಿರುವ ಎದುರಾಳಿ ಪಿವಟ್ ಯಾವ ಕಡೆ ಜಾರುತ್ತಾನೆಂಬುದನ್ನು ಕಣ್ಣಿಂದಲ್ಲ, ಮೊಣಕೈಯಿಂದ ತಿಳಿಯಬೇಕು. ಜೊತೆಗೆ ಬಾಯಿ ಸುಮ್ಮನಿರುವಂತಿಲ್ಲ. "ಬಲಕ್ಕೆ ಬಾ", "ಅವನನ್ನು ಬಿಡು, ನಾನಿದ್ದೇನೆ", "ಮುಂದೆ ಹೋಗಬೇಡ" ಎಂದು ಇಡೀ ಸಾಲನ್ನು ಮಾತಿನಿಂದಲೇ ಎಳೆದಾಡಬೇಕು. ಗೋಲು ಹೊಡೆಯುವವನಿಗೆ ಕಾಣುವುದು ಸಂದು ಮಾತ್ರ. ನಡುಗೋಡೆಯವನಿಗೆ ಹನ್ನೆರಡು ಜನರ ಚಲನೆಯೂ ಕಾಣಬೇಕು. ಇಂಥ ಸ್ಥಾನದಲ್ಲಿ ಹತ್ತಾರು ವರ್ಷ ನಿಂತವನು ಆಡುತ್ತಲೇ ಅರ್ಧ ಕೋಚ್ ಆಗಿರುತ್ತಾನೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1978ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದು ಎದ್ದು ಕಂಡಿತು. ವ್ಲಾಡೊ ಸ್ಟೆಂಜೆಲ್ ಎಂಬ ಯುಗೊಸ್ಲಾವ್ ಮೂಲದ ಕೋಚ್ ಕಟ್ಟಿದ್ದ ಪಶ್ಚಿಮ ಜರ್ಮನಿಯ ಎಳೆಯ ತಂಡ ಕೋಪನ್‌ಹೇಗನ್ನಿನಲ್ಲಿ ನಡೆದ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 20-19ರಿಂದ ಸೋಲಿಸಿತು. ಸೋವಿಯತ್ ತಂಡ ಆಗಿನ ಒಲಿಂಪಿಕ್ ಚಾಂಪಿಯನ್. ಅಂಥವರನ್ನು 19 ಗೋಲುಗಳಿಗೆ ಕಟ್ಟಿಹಾಕಿದ ರಕ್ಷಣೆಯ ನಡುವೆ ಬ್ರಾಂಡ್ ಇದ್ದರು.

ಮರುವರ್ಷ, 1979ರ ಮಾರ್ಚ್ 30ರಂದು, ಹಂಗೆರಿಯ ತಾತಾಬಾನ್ಯಾದಲ್ಲಿ ಗುಮ್ಮರ್ಸ್‌ಬಾಖ್ ಆಡುತ್ತಿದ್ದ ಯುರೋಪಿಯನ್ ಕಪ್ ಪಂದ್ಯವೊಂದರಲ್ಲಿ ಡೆಕಾರ್ಮ್ ಎದುರಾಳಿಯೊಬ್ಬರಿಗೆ ಡಿಕ್ಕಿಯಾಗಿ ಬಿದ್ದರು. ತೆಳುವಾದ ಹೊದಿಕೆಯ ಕೆಳಗಿದ್ದುದು ಗಟ್ಟಿ ಕಾಂಕ್ರೀಟ್ ನೆಲ. ತಲೆಗೆ ಬಿದ್ದ ಪೆಟ್ಟಿನಿಂದ ಅವರು 131 ದಿನ ಕೋಮಾದಲ್ಲಿದ್ದರು, ಆಮೇಲೆ ಮಾತನ್ನೂ ನಡಿಗೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ಆಗ ಅವರಿಗೆ 25 ವರ್ಷ. ಬ್ರಾಂಡ್ ಆ ಗೆಳೆತನವನ್ನು ದಶಕಗಳ ಕಾಲ ಉಳಿಸಿಕೊಂಡು ಬಂದರು. ಈ ಘಟನೆಗೂ ಅವರ ಕೋಚಿಂಗಿಗೂ ನೇರ ಸಂಬಂಧ ಕಟ್ಟುವುದು ತಪ್ಪಾದೀತು. ಆದರೂ, ಕೋಚ್ ಆದ ಮೇಲೆ ಅವರು ಆಟಗಾರರನ್ನು ನಡೆಸಿಕೊಂಡ ರೀತಿಯನ್ನು ಓದುವಾಗಲೆಲ್ಲ ನನಗೆ ಆ ಕಾಂಕ್ರೀಟ್ ನೆಲ ನೆನಪಾಗುತ್ತದೆ. ನಮ್ಮ ಶಾಲೆಯ ಸಿಮೆಂಟ್ ಅಂಗಳದಲ್ಲಿ ನಾನು ಜಿಗಿತದ ಎಸೆತ ಕಲಿಸುವುದನ್ನು ನಿಲ್ಲಿಸಿ ಮಣ್ಣಿನ ಮೈದಾನಕ್ಕೆ ಹೋದದ್ದು ಈ ಘಟನೆಯನ್ನು ತಿಳಿದ ಮೇಲೆಯೇ.

ಆಟ ಮುಗಿದ ಮೇಲಿನ ದಾರಿಯನ್ನು ನೀವು ಗಮನವಿಟ್ಟು ನೋಡಬೇಕು. ವಿಶ್ವ ಚಾಂಪಿಯನ್ ಎಂಬ ಹೆಸರಿದ್ದರೂ ಬ್ರಾಂಡ್ ನೇರವಾಗಿ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಲಿಲ್ಲ. ಮೊದಲು ಅಲ್ಲಿ ಸಹಾಯಕರಾಗಿ ಕೆಲಸ ಕಲಿತರು. ನಂತರ ತಮ್ಮ ಊರಿನ ಕ್ಲಬ್ಬನ್ನು 1988 ಮತ್ತು 1991ರಲ್ಲಿ ಚಾಂಪಿಯನ್ ಮಾಡಿದರು. ಅಷ್ಟಕ್ಕೆ ನಿಲ್ಲದೆ ವಾಲಾವ್-ಮಾಸೆನ್‌ಹೈಮ್ ಎಂಬ ಬೇರೊಂದು ಕ್ಲಬ್ಬಿಗೆ ಹೋಗಿ 1993ರಲ್ಲಿ ಅದನ್ನೂ ಗೆಲ್ಲಿಸಿದರು. ತಾನು ಆಡಿ ಬೆಳೆದ ಅಂಗಳದಲ್ಲಿ ಗೆಲ್ಲಿಸುವುದು ಒಂದು, ತನ್ನನ್ನು ಬಲ್ಲವರಿಲ್ಲದ ಕಡೆ ಗೆಲ್ಲಿಸುವುದು ಇನ್ನೊಂದು.

1997ರ ಆರಂಭದಲ್ಲಿ ಅವರು ರಾಷ್ಟ್ರೀಯ ತಂಡದ ಹೊಣೆ ಹೊತ್ತಾಗ ಜರ್ಮನಿ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆಯನ್ನೇ ಗಳಿಸಿರಲಿಲ್ಲ. ಅಲ್ಲಿಂದ ಮುಂದೆ ಹತ್ತು ವರ್ಷ ಅವರು ತಂಡವನ್ನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಕಟ್ಟಿದರು. 1998ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಕಂಚು ಬಂತು. 2002ರ ಯುರೋಪಿಯನ್ ಫೈನಲ್‌ನಲ್ಲಿ ಸ್ವೀಡನ್ ಎದುರು ಸ್ವೀಡನ್ನಿನ ನೆಲದಲ್ಲೇ, ಹೆಚ್ಚುವರಿ ಸಮಯದಲ್ಲಿ ಸೋಲು; 2003ರ ವಿಶ್ವ ಫೈನಲ್‌ನಲ್ಲಿ ಕ್ರೊಯೇಷಿಯಾ ಎದುರು ಸೋಲು. 2004ರ ಆರಂಭದಲ್ಲಿ ಸ್ಲೊವೇನಿಯಾದಲ್ಲಿ ಯುರೋಪಿಯನ್ ಪಟ್ಟ ಕೈಗೆ ಬಂತು, ಅದೇ ಬೇಸಿಗೆಯಲ್ಲಿ ಅಥೆನ್ಸ್ ಒಲಿಂಪಿಕ್ ಫೈನಲ್‌ನಲ್ಲಿ ಮತ್ತೆ ಕ್ರೊಯೇಷಿಯಾವೇ ಅಡ್ಡ ಬಂತು. ಎರಡೂವರೆ ವರ್ಷದಲ್ಲಿ ನಾಲ್ಕು ಫೈನಲ್, ಮೂರರಲ್ಲಿ ಸೋಲು. ಇಷ್ಟರಲ್ಲಿ ಕೋಚ್ ಬದಲಾಗಬೇಕೆಂಬ ಕೂಗು ಎಂಥ ತಂಡದಲ್ಲೂ ಏಳುವುದು ಸಹಜ. ಅವರನ್ನು ಉಳಿಸಿಕೊಂಡಿದ್ದಕ್ಕೆ ಜರ್ಮನಿಗೆ ಪ್ರತಿಫಲ ಸಿಕ್ಕಿದ್ದು 2007ರಲ್ಲಿ.

ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಜರ್ಮನಿಯಲ್ಲೇ ನಡೆಯಿತು. ಆಗ ಬ್ರಾಂಡ್ ತೆಗೆದುಕೊಂಡ ಎರಡು ನಿರ್ಧಾರಗಳನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಆಗಾಗ ಹೇಳುತ್ತೇನೆ. ಗೋಲ್‌ಕೀಪರ್ ಹೆನ್ನಿಂಗ್ ಫ್ರಿಟ್ಜ್‌ಗೆ ತಮ್ಮ ಕ್ಲಬ್ಬಾದ ಕೀಲ್‌ನಲ್ಲಿ ಫ್ರಾನ್ಸ್‌ನ ತಿಯೆರಿ ಒಮೆಯೆರ್ ಇದ್ದುದರಿಂದ ಆಡುವ ಅವಕಾಶ ಅಪರೂಪವಾಗಿತ್ತು; ಬೆಂಚಿನಲ್ಲಿ ಕುಳಿತೇ ಕಾಲ ಕಳೆಯುತ್ತಿದ್ದ ಆ ಕೀಪರನನ್ನು ಬ್ರಾಂಡ್ ಕೈಬಿಡದೆ ಗೋಲಿನ ಮುಂದೆ ನಿಲ್ಲಿಸಿದರು. ಇನ್ನೊಂದು, ಪಿವಟ್ ಆಟಗಾರರೊಬ್ಬರು ಗಾಯಗೊಂಡಾಗ, ರಾಷ್ಟ್ರೀಯ ತಂಡಕ್ಕೆ ಆಗಲೇ ವಿದಾಯ ಹೇಳಿದ್ದ ಕ್ರಿಶ್ಚಿಯನ್ ಶ್ವಾರ್ಟ್ಸರ್ ಅವರನ್ನು ಟೂರ್ನಿ ನಡೆಯುತ್ತಿರುವಾಗಲೇ ಮರಳಿ ಕರೆಸಿಕೊಂಡರು. ಈ ಎರಡೂ ನಿರ್ಧಾರಗಳು ಅಂಕಿ ಅಂಶ ನೋಡಿ ಮಾಡುವಂಥವಲ್ಲ. ಮನುಷ್ಯನನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವನು ಮಾತ್ರ ಮಾಡಬಲ್ಲಂಥವು.

ಗುಂಪಿನ ಹಂತದಲ್ಲಿ ಜರ್ಮನಿ ಪೋಲೆಂಡ್ ಎದುರು ಸೋತಿತು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಎರಡು ಬಾರಿ ಹೆಚ್ಚುವರಿ ಸಮಯ ಆಡಿ 32-31ರಿಂದ ಗೆದ್ದರು. ಕೊನೆಯ ಕ್ಷಣಗಳಲ್ಲಿ ಫ್ರಾನ್ಸ್‌ನ ಒಂದು ಗೋಲನ್ನು ರೆಫರಿಗಳು ಮಾನ್ಯ ಮಾಡಲಿಲ್ಲ ಎಂಬ ವಿವಾದವೂ ಎದ್ದಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಫೆಬ್ರವರಿ 4ರಂದು ಕಲೋನ್‌ನಲ್ಲಿ ನಡೆದ ಫೈನಲ್‌ನಲ್ಲಿ ಎದುರಿಗೆ ಬಂದವರು ಮತ್ತೆ ಪೋಲೆಂಡಿನವರೇ. ಪಂದ್ಯದ ನಡುವೆ ಫ್ರಿಟ್ಜ್ ಗಾಯಗೊಂಡು ಹೊರನಡೆದಾಗ ಯೊಹಾನೆಸ್ ಬಿಟ್ಟರ್ ಗೋಲು ಕಾಯ್ದರು, ಮತ್ತು ಜರ್ಮನಿ 29-24ರಿಂದ ಗೆದ್ದಿತು. ಪ್ರಶಸ್ತಿ ಸ್ವೀಕರಿಸುವಾಗ ಆಟಗಾರರೆಲ್ಲ ತಮ್ಮ ಕೋಚಿನ ದಟ್ಟ ಮೀಸೆಯನ್ನು ಹೋಲುವ ಅಂಟು ಮೀಸೆ ಹಚ್ಚಿಕೊಂಡು, ತಲೆಗೆ ಕಾಗದದ ಕಿರೀಟ ಇಟ್ಟುಕೊಂಡು ವೇದಿಕೆ ಹತ್ತಿದ್ದರು. ಆ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ. ತಾವು ಹೆದರುವ ಕೋಚಿನ ಮೀಸೆಯನ್ನು ಯಾವ ತಂಡವೂ ಹಾಗೆ ಹಚ್ಚಿಕೊಳ್ಳುವುದಿಲ್ಲ. ಆಟಗಾರನಾಗಿಯೂ ಕೋಚ್ ಆಗಿಯೂ ಹ್ಯಾಂಡ್‌ಬಾಲ್ ವಿಶ್ವ ಚಾಂಪಿಯನ್ ಆದ ಮೊದಲಿಗರು ಎಂಬ ಹೆಗ್ಗಳಿಕೆ ಅಂದು ಬ್ರಾಂಡ್ ಅವರದಾಯಿತು.

ಅನಂತರದ ವರ್ಷಗಳು ಅಷ್ಟು ಚೆನ್ನಾಗಿರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಗುಂಪಿನ ಹಂತದಲ್ಲೇ ಹೊರಬಿತ್ತು, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 11ನೇ ಸ್ಥಾನಕ್ಕೆ ಇಳಿಯಿತು, ಅದೇ ವರ್ಷ ಬ್ರಾಂಡ್ ಹುದ್ದೆ ಬಿಟ್ಟರು. ಲೀಗಿನ ಶ್ರೀಮಂತ ಕ್ಲಬ್ಬುಗಳು ವಿದೇಶಿ ಆಟಗಾರರನ್ನೇ ಆಡಿಸುತ್ತಿರುವುದರಿಂದ ಜರ್ಮನಿಯ ಎಳೆಯರಿಗೆ ಅಂಗಳಕ್ಕಿಳಿಯುವ ಅವಕಾಶವೇ ಸಿಗುತ್ತಿಲ್ಲ ಎಂದು ಅವರು ಹಲವು ವರ್ಷ ಬಹಿರಂಗವಾಗಿ ವಾದಿಸುತ್ತ ಬಂದಿದ್ದರು. ಕ್ಲಬ್ಬಿನವರಿಗೆ ಅದು ಹಿಡಿಸಲಿಲ್ಲ. ನನಗೆ ಅವರ ವಾದ ನ್ಯಾಯವೆನ್ನಿಸುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ನಮ್ಮ ರಾಹುಲ್ ದ್ರಾವಿಡ್ ಅವರನ್ನೇ ನೋಡಿ: ಅದೇ 2007ರಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು, 2024ರಲ್ಲಿ ಅದೇ ವೆಸ್ಟ್ ಇಂಡೀಸ್‌ನಲ್ಲಿ ಅವರು ಕೋಚ್ ಆಗಿ ಟಿ20 ವಿಶ್ವಕಪ್ ಗೆಲ್ಲಿಸಿದರು. ಆಡಿದ ದಿನಗಳ ಲೆಕ್ಕ ಬೇರೆ, ಆಡಿಸುವ ದಿನಗಳ ಲೆಕ್ಕ ಬೇರೆ.

ನನ್ನ ಅನುಭವವನ್ನೂ ಹೇಳಬೇಕು. ನಾನು ಎಡಬದಿಯಿಂದ ಎಸೆಯುವ ಆಟಗಾರನಾಗಿದ್ದೆ. ಕಲಿಸಲು ಆರಂಭಿಸಿದ ಮೊದಲ ಎರಡು ವರ್ಷ ನಾನು ಎಸೆದು ತೋರಿಸುತ್ತಿದ್ದೆ, ಮಕ್ಕಳು ನಿಂತು ನೋಡುತ್ತಿದ್ದರು, ತಾಲ್ಲೂಕು ಮಟ್ಟದಲ್ಲಿ ಮೊದಲ ಪಂದ್ಯಕ್ಕೇ ಸೋತು ಬರುತ್ತಿದ್ದೆವು. ಬ್ರಾಂಡ್ ಅವರ ಬಗ್ಗೆ ಓದಿದ ಮೇಲೆ ಚೆಂಡನ್ನು ಬದಿಗಿಟ್ಟೆ. ಸುಣ್ಣದ ಗೆರೆಯ ಮುಂದೆ ಆರು ಹುಡುಗಿಯರನ್ನು ನಿಲ್ಲಿಸಿ, ಬಾವಿಯ ಹಳೆಯ ಹಗ್ಗವೊಂದನ್ನು ಎಲ್ಲರ ಕೈಗೂ ಕೊಟ್ಟು, ಹಗ್ಗ ಸಡಿಲವಾಗದಂತೆ, ಜಗ್ಗದಂತೆ ಎಡಕ್ಕೂ ಬಲಕ್ಕೂ ಸರಿಯಬೇಕೆಂದು ಹೇಳಿದೆ. ಮೊದಲ ದಿನ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಮೂರನೆಯ ವಾರದಲ್ಲಿ, ಅಲ್ಲಿಯವರೆಗೆ ತರಗತಿಯಲ್ಲಿ ದನಿ ಎತ್ತಿ ಮಾತಾಡದಿದ್ದ ಹುಡುಗಿಯೊಬ್ಬಳು ನಡುವೆ ನಿಂತು "ಸರೀರಿ, ಸರೀರಿ, ನಿಲ್ಲಿ" ಎಂದು ಕೂಗಿ ಸಾಲನ್ನು ನಡೆಸತೊಡಗಿದಳು. ಈಗ ಕಿರಿಯರ ತಂಡಕ್ಕೆ ರಕ್ಷಣೆ ಕಲಿಸುವವಳು ಅವಳೇ.

ಆದ್ದರಿಂದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಮುಂತಾದವನ್ನು ಖಂಡಿತ ಮಾಡಿ, ಕೆಲಸಕ್ಕೆ ಅವು ಬೇಕೇಬೇಕು. ಆದರೆ ಅದಕ್ಕಾಗಿ ಕಾಯದೆ, ಈ ಋತುವಿನಲ್ಲೇ ನಿಮ್ಮ ಕೋಚನ್ನು ಕೇಳಿ ಅಭ್ಯಾಸದ ಇಪ್ಪತ್ತು ನಿಮಿಷ ಕಿರಿಯರ ರಕ್ಷಣೆಯನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಪ್ರತಿ ಪಂದ್ಯದ ರಾತ್ರಿ, ನಿಮ್ಮ ಸಾಲಿನಲ್ಲಿ ಸಂದು ಎಲ್ಲಿ ಬಿಟ್ಟಿತು, ಯಾರ ಯಾವ ಹೆಜ್ಜೆಯಿಂದ ಬಿಟ್ಟಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಡಿ. ಆ ಪುಸ್ತಕ ತುಂಬಿದಾಗ ಮತ್ತೆ ಬರೆಯಿರಿ. ನಿಮ್ಮ ಚಿತ್ರಗಳನ್ನು ನೋಡಲು ನನಗೆ ನಿಜವಾಗಿಯೂ ಇಷ್ಟವಿದೆ.