ಆರೋಗ್ಯವಾಗಿರುವ ಇಲಿಗೆ ಯಾಕೆ ಪರೀಕ್ಷೆ?

ಪ್ರಶ್ನೆ: ನಮ್ಮ ಲ್ಯಾಬ್‌ನ ಬಿಳಿ ಇಲಿಗಳು ಚೆನ್ನಾಗಿ ತಿಂದು ಓಡಾಡಿಕೊಂಡಿವೆ. ಆದರೂ ವೈರಸ್ ಪರೀಕ್ಷೆ ಬೇಕಂತೆ. ಯಾಕೆ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಬೇಕೇ ಬೇಕಮ್ಮ. ಎಲ್‌ಸಿಎಂ (ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್) ಅಂತ ಇಲಿಗಳಲ್ಲಿ ಇರುವ ಒಂದು ವೈರಸ್ ಇದೆ. ತಾಯಿಯ ಹೊಟ್ಟೆಯಲ್ಲೇ ಅಂಟಿದರೆ ಮರಿಯ ದೇಹ ಅದನ್ನು ತನ್ನದೇ ಅಂದುಕೊಂಡು ಸುಮ್ಮನಾಗುತ್ತದೆ. ಇಲಿ ಲವಲವಿಕೆಯಿಂದಲೇ ಇರುತ್ತದೆ, ಆದರೆ ಬದುಕಿರುವಷ್ಟು ದಿನ ಮೂತ್ರದಲ್ಲಿ ವೈರಸ್ ಹೊರಗೆ ಬರುತ್ತದೆ. ಎರಿಕ್ ಟ್ರಾಬ್ ಎಂಬ ವಿಜ್ಞಾನಿ 1935ರಲ್ಲಿ ಇದನ್ನು ಕಂಡಿದ್ದು ಪ್ರಯೋಗಾಲಯದ ಇಲಿಗಳಲ್ಲೇ.

ನಾನು ಲ್ಯಾಬ್‌ನ ಇಲಿಮನೆ ನೋಡಿಕೊಳ್ಳುತ್ತಿದ್ದಾಗ, ಪಂಜರಕ್ಕೆ ಹಾಸಲು ತಂದ ಭತ್ತದ ಹೊಟ್ಟಿನ ಮೂಟೆಯೊಳಗೆ ಮನೆ ಇಲಿಯ ಗುಲಾಬಿ ಮರಿಗಳು ಸಿಕ್ಕಿದ್ದವು. ಆ ಮೂಟೆ ಪೂರ್ತಿ ಸುಟ್ಟೆವು. ಮನೆ ಇಲಿಯಿಂದಲೂ ಇದು ಬರುತ್ತೆ ಅಲ್ವಾ! ಮನುಷ್ಯರಿಗೂ ಅಂಟುತ್ತದೆ. ಗರ್ಭಿಣಿಯರು ಇಲಿ ಪಂಜರ ತೊಳೆಯಲೇಬಾರದು, ಹೊಟ್ಟೆಯ ಮಗುವಿಗೆ ಅಪಾಯ. ನೀನು ಕೈಗವಸು ಹಾಕಿಕೊಂಡೇ ಮುಟ್ಟು.