ಕಪ್ಪತಗುಡ್ಡದಲ್ಲಿ ದೊಡ್ಡ ಮರಗಳೇಕಿಲ್ಲ?

ಎತ್ತರದ ಮರಗಳೇ ಇಲ್ಲದ ಕಪ್ಪತಗುಡ್ಡ ವನ್ಯಜೀವಿ ಧಾಮ ಹೇಗಾಯಿತು, ಅಲ್ಲಿ ನೀಲಗಿರಿ ಬೆಳೆಸಬಾರದೇಕೆ ಎಂದು ತಾವು ಕೇಳಿದ್ದೀರಿ. ಈ ಗುಡ್ಡವಿರುವ ಗದಗ ಜಿಲ್ಲೆಯಲ್ಲಿ ಮಳೆ ಕಡಿಮೆ. ಕಬ್ಬಿಣದ ಅಂಶವಿರುವ ಕೆಂಗಲ್ಲಿನ ಮೇಲೆ ಮಣ್ಣೂ ತೆಳುವಾಗಿರುವುದರಿಂದ ಕುರುಚಲು ಗಿಡ, ಮುಳ್ಳಿನ ಪೊದೆ, ಹುಲ್ಲು ಬೆಳೆಯುವುದೇ ಅಲ್ಲಿ ಸಹಜ, ಮತ್ತು ತೋಳ, ಕತ್ತೆಕಿರುಬಗಳಿಗೆ ಒಗ್ಗುವುದೂ ಇಂಥ ನೆಲವೇ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಇಳಿಜಾರು ಮಳೆ ಹಿಡಿದ ಮೇಲೆ ಹುಲ್ಲಿನಿಂದ ಮುಚ್ಚಿಹೋಗುತ್ತದೆ (ಗುಡ್ಡವನ್ನು ಮೇ ತಿಂಗಳಲ್ಲಷ್ಟೇ ನೋಡಿ ಅಳೆಯಬಾರದು).

2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ್ದನ್ನು ಸರಕಾರ ಮರುವರ್ಷವೇ ಹಿಂಪಡೆದಾಗ, ಗಣಿಗಾರಿಕೆಗೆ ದಾರಿಯಾದೀತೆಂಬ ಆತಂಕದಿಂದ ಗದಗಿನ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹೋರಾಟ ನಡೆದು, 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ ವನ್ಯಜೀವಿ ಧಾಮವಾಯಿತು. ನೀಲಗಿರಿಯ ಮಾತನ್ನಂತೂ ನಾನು ಒಪ್ಪಲಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಅದನ್ನೇ ಬೆಳೆಸಿ ಹುಲ್ಲುಗಾವಲು ಕಳೆದುಕೊಂಡದ್ದು ನಮ್ಮ ಕಣ್ಣೆದುರಿಗೇ ಇದೆ.