ಘಟ್ಟದ ಸುತ್ತು ನಡಿಗೆ: ತಲೆಕೆಳಗಾದ ಯೋಜನೆ

ಪ್ರಶ್ನೆ: ನಾವು ಐವರು ಗೆಳೆಯರು. ಡಿಸೆಂಬರ್ ಕೊನೆಯ ಭಾನುವಾರ ಒಂದು ದಿನದ ಚಾರಣ ಹಾಕಿಕೊಂಡಿದ್ದೇವೆ. ಶಿರಸಿ ಕಡೆಯ ಘಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಕಾರು ನಿಲ್ಲಿಸಿ, ಕಾಡುದಾರಿಯಲ್ಲಿ ಯಾಣಕ್ಕೆ ಇಳಿದು, ಬೇರೆ ದಾರಿಯಲ್ಲಿ ಘಟ್ಟ ಹತ್ತಿ ಮರಳುವ ಯೋಚನೆ. ಮೊಬೈಲ್ ನಕ್ಷೆಯಲ್ಲಿ ಸುತ್ತು 18 ಕಿ.ಮೀ., ಒಟ್ಟು ಏರು 800 ಮೀಟರ್ ಎಂದು ತೋರಿಸುತ್ತದೆ. ಬೆಳಿಗ್ಗೆ 9ಕ್ಕೆ ಹೊರಟರೆ ಸಾಕೇ?
– ಓದುಗರು, ಕುಮಟಾ

ಉತ್ತರ: ಸಾಲದು. ಅದಕ್ಕಿಂತ ಮೊದಲು, ನಿಮ್ಮ ಯೋಜನೆಯೇ ತಲೆಕೆಳಗಾಗಿದೆ.

ಸಾಮಾನ್ಯ ಬೆಟ್ಟದಲ್ಲಿ ಬುಡದಿಂದ ಹತ್ತುತ್ತೇವೆ, ಸುಸ್ತಾದಾಗ ಇಳಿಯುತ್ತೇವೆ. ಘಟ್ಟದ ಮೇಲಿಂದ ಹೊರಟವರಿಗೆ ಇದು ಉಲ್ಟಾ. ಬೆಳಗಿನ ತಂಪಿನಲ್ಲಿ ಕಾಲು ತಾನಾಗಿಯೇ ಕೆಳಗಿಳಿಯುತ್ತದೆ, ಮಾತು ನಗು ಎಲ್ಲ ಜೋರು. ಏರು ಶುರುವಾಗುವುದು ಊಟದ ನಂತರ, ಕರಾವಳಿಯ ಬೆವರು ಮೈಗಂಟುವ ಹೊತ್ತಿನಲ್ಲಿ. ಯಾರಿಗಾದರೂ ಕಾಲು ಹಿಡಿದುಕೊಂಡರೆ ಆಗಲೇ. ಅಷ್ಟರಲ್ಲಿ ಸುತ್ತಿನ ಅರ್ಧ ದಾಟಿರುತ್ತದೆ. ಬಂದ ದಾರಿಯಲ್ಲಿ ಮರಳೋಣವೆಂದರೂ ಅದೂ ಏರೇ.

ಲೆಕ್ಕ ನೋಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಾರಣಿಗರ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಸುತ್ತಿಗೆ ಸುಮಾರು ಐದು ತಾಸು ಬಂತು. ಆದರೆ ಅದು ಬಯಲು ಗುಡ್ಡದ, ಗಟ್ಟಿ ಕಾಲಿನವರ ಲೆಕ್ಕ. ನಮ್ಮ ಕಾನಿನಲ್ಲಿ ಬೇರು, ಬೆತ್ತದ ಮುಳ್ಳು, ದಾರಿ ಕವಲೊಡೆದಾಗಲೆಲ್ಲ ನಿಂತು ನೋಡುವುದು ಇದ್ದೇ ಇರುತ್ತದೆ. ನಾನು ಯಾವಾಗಲೂ ಒಂದೂವರೆ ಪಟ್ಟು ಹಿಡಿಯುತ್ತೇನೆ: ಏಳೂವರೆ ತಾಸು. ಊಟಕ್ಕೂ ಯಾಣದ ಬಂಡೆ ನೋಡುವುದಕ್ಕೂ ಇನ್ನೊಂದೂವರೆ ತಾಸು ಸೇರಿಸಿ. 9ಕ್ಕೆ ಹೊರಟವರು ಸಂಜೆ 6ಕ್ಕೆ ಕಾರು ಸೇರುತ್ತೀರಿ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ 6ರ ಸುಮಾರಿಗೆ. ಮರದಡಿ ಅದಕ್ಕೂ ಅರ್ಧ ತಾಸು ಮೊದಲೇ ಕಾಲಬುಡ ಕಾಣುವುದಿಲ್ಲ.

ಹಾಗಾಗಿ ಸುತ್ತನ್ನು ಯಾಣದಿಂದಲೇ ಆರಂಭಿಸಿ. ಅಲ್ಲಿಗೆ ವಾಹನದ ದಾರಿ ಇದೆ. ಕುಮಟಾದವರು ಘಟ್ಟ ಹತ್ತಿ, ಕಾರು ನಿಲ್ಲಿಸಿ, ಮತ್ತೆ ಇಳಿಯುವುದು ಯಾಕೆ ಹೇಳಿ? ಬೆಳಿಗ್ಗೆ 7ಕ್ಕೆ ನಡಿಗೆ ಶುರುವಾಗಲಿ, 11ರೊಳಗೆ ಏರು ಮುಗಿಯಲಿ. 11.30 ಆದರೂ ಮೇಲಿನ ಹಳ್ಳಿ ಮುಟ್ಟದಿದ್ದರೆ ಸುತ್ತು ಬಿಟ್ಟು ಹತ್ತಿದ ದಾರಿಯಲ್ಲೇ ಇಳಿದುಬಿಡಿ. ಈ ಗಂಟೆಯನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಿ. ಕಾಡಿನಲ್ಲಿ ಐವರಿಗೂ ಐದು ಅಭಿಪ್ರಾಯ ಇರುತ್ತದೆ. ಇಳಿತದಲ್ಲಿ ಮಂಡಿ ನೋಯುತ್ತದೆ, ಒಣ ತರಗೆಲೆ ಎಣ್ಣೆಯಂತೆ ಜಾರುತ್ತದೆ, ಅದು ನಿಜ. ಕೋಲು ಹಿಡಿದು ನಿಧಾನ ಇಳಿಯಬಹುದು. ಮಧ್ಯಾಹ್ನದ ಏರಿಗೆ ಅಂಥ ಉಪಾಯವಿಲ್ಲ.

ಅಂತರ್ಜಾಲದಿಂದ ಇಳಿಸಿಕೊಂಡ ಜಿಪಿಎಸ್ ಜಾಡನ್ನು ಪೂರ್ತಿ ನಂಬಬೇಡಿ. ನಮ್ಮ ಕಡೆ ಕಾಲುದಾರಿ ಆಗುವುದೇ ಸೊಪ್ಪು ತರುವವರಿಂದ, ದನಗಳಿಂದ. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಮುಚ್ಚಿಹೋಗುತ್ತದೆ. ಹಾಗೆ ಒಂದು ಜಾಡು ಹಿಡಿದು ಹೋದ ನಾನು ಕೊನೆಗೆ ತಲುಪಿದ್ದು ಯಾರದೋ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರ ಕೆಳಗೆ ಅಡಿಕೆ ತೋಟ. ತೋಟದವರು ಬೈಯಲಿಲ್ಲ, ಮಜ್ಜಿಗೆ ಕೊಟ್ಟು ದಾರಿ ತೋರಿಸಿದರು. ಅವರಂಥ ಒಬ್ಬರನ್ನು ಮೊದಲೇ ಹುಡುಕಿ, ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ವಲಯ ಅರಣ್ಯ ಕಚೇರಿಯಲ್ಲಿ ಕೇಳದೆ ಮಾತ್ರ ಹೊರಡಬೇಡಿ. ಯಾವ ದಾರಿಗೆ ಅನುಮತಿ ಬೇಕು, ಯಾವುದಕ್ಕೆ ಪ್ರವೇಶವೇ ಇಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಇಳಿಸಿಟ್ಟುಕೊಳ್ಳಿ. ಸಂಜೆ ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ತಿಳಿಸಿ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.

ತಲೆಗೆ ಮೂರು ಲೀಟರ್ ನೀರು, ಹೆಡ್‌ಲ್ಯಾಂಪ್, ಓಆರ್‌ಎಸ್ ಪೊಟ್ಟಣ, ಅವಲಕ್ಕಿ ಬೆಲ್ಲ. ಬೂಟು ಹಳೆಯದಾಗಿರಲಿ.

ಯಾಣದ ಬಂಡೆಯ ಹತ್ತಿರ ಒಂದು ಎಚ್ಚರ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದಲ್ಲಿ ಹೆಜ್ಜೇನು ಕಟ್ಟುತ್ತದೆ. ಅತ್ತರು, ಹೊಗೆ, ಕೂಗಾಟ, ಡ್ರೋನ್ ಯಾವುದೂ ಬೇಡ.

ಪ್ರಶ್ನೆ: ಉಂಬಳಕ್ಕೆ (ಜಿಗಣೆಗೆ) ಉಪ್ಪು, ಸುಣ್ಣ ಗೊತ್ತು. ಚಳಿಗಾಲದ ಚಾರಣದಲ್ಲಿ ಉಣುಗಿಗೆ (ಉಣ್ಣೆಗೆ) ಹೆದರಬೇಕೇ?
– ಓದುಗರು, ಸಿದ್ದಾಪುರ

ಉತ್ತರ: ಹೆದರಬೇಕಿಲ್ಲ, ಆದರೆ ಉಂಬಳಕ್ಕಿಂತ ಹೆಚ್ಚು ಗಮನ ಕೊಡಬೇಕು. ಉಂಬಳ ರಕ್ತ ಕುಡಿದು ಉದುರುತ್ತದೆ, ಕತೆ ಮುಗಿಯಿತು. ಉಣುಗು ಮಂಗನ ಕಾಯಿಲೆ ತರಬಲ್ಲದು. 1957ರಲ್ಲಿ ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ನಿಮ್ಮ ತಾಲ್ಲೂಕಿಗೆ ಹೊಸದಲ್ಲ. ಚಾರಣಕ್ಕೆ ಹಿತವಾದ ಡಿಸೆಂಬರ್‌ನಿಂದ ಬೇಸಿಗೆವರೆಗಿನ ತಿಂಗಳುಗಳೇ ಅದರ ಕಾಲವೂ ಹೌದು. ಸೂಜಿಮೊನೆಯಷ್ಟಿರುವ ಎಳೆಯ ಉಣುಗುಗಳು ತರಗೆಲೆಯಲ್ಲಿರುತ್ತವೆ, ಹತ್ತಿದ್ದು ಗೊತ್ತೇ ಆಗುವುದಿಲ್ಲ.

ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಊಟಕ್ಕೆ ತರಗೆಲೆಯ ಮೇಲಲ್ಲ, ಬೋಳು ಬಂಡೆಯ ಮೇಲೆ ಕುಳಿತುಕೊಳ್ಳಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡುತ್ತ ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಬೆಂಕಿ ತಾಗಿಸಬೇಡಿ. ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಿರಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಚಾರಣದ ನಂತರದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗಬೇಡಿ. ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.